ನಾಲ್ವರು ಹೊಳೆಗೆ ಹೋದರು, ಈಜು ಒಬ್ಬನಿಗೂ ಬಾರದು!

ಮಂಡ್ಯ: ಅಕೌಂಟೆನ್ಸಿಯಲ್ಲಿ ಫೇಲಾದ ಹುಡುಗ ಅಂಗಡಿಯ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಮಾಡಿದ್ದಿಲ್ಲ. ಮೂರು ಎಳನೀರು, ಎರಡು ಕಬ್ಬಿನ ಹಾಲು, ಅದರಲ್ಲೊಂದು ಐಸಿಲ್ಲದ್ದು, ಐನೂರರ ನೋಟಿಗೆ ವಾಪಸು ಎಷ್ಟು? ಗಿರಾಕಿ ಲೆಕ್ಕ ಹಾಕಲು ಫೋನು ತೆಗೆಯುವಷ್ಟರಲ್ಲಿ ಚಿಲ್ಲರೆ ಅವರ ಅಂಗೈಯಲ್ಲಿರುತ್ತದೆ. ಅದೇ ಹುಡುಗ ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ಅಕೌಂಟೆನ್ಸಿಯೊಂದನ್ನು ಉಳಿಸಿಕೊಂಡ. ಕೇಳಿದರೆ, ‘ಪರೀಕ್ಷೆ-2 ಇದೆಯಲ್ಲ ಸಾರ್’ ಎಂದು ನಗುತ್ತಾನೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದ ಮೇಲೆ ಫೇಲಾಗುವ ಭಯವೂ ಪಾಲಾಗಿ ಹೋಗಿದೆ ಎಂದು ಅಂಗಡಿ ಬೀದಿಯ ಹಿರಿಯರ ಅಂಬೋಣ.

ಹುಡುಗನಿಗೆ ಹತ್ತೊಂಬತ್ತು ವರ್ಷ. ಹೆಸರು ಬೇಡ. ಮುಂದೆ ಬರುವ ಸಂಗತಿ ಅವನ ಜೊತೆಗಾರರಲ್ಲಿ ಇಬ್ಬರ ಮನೆಗೆ ಇನ್ನೂ ಗೊತ್ತಿಲ್ಲ!

ಹಳೇ ಮೈಸೂರು ರಸ್ತೆಯ ಪಕ್ಕದಲ್ಲಿ ಹಸಿರು ನೆಟ್ಟು ಕಟ್ಟಿದ ಎಳನೀರಂಗಡಿ ಅವರದು. ಕಬ್ಬು ಹಿಂಡುವ ಮಿಷನ್ನು, ಐಸ್ ಪೆಟ್ಟಿಗೆ, ನಾಲ್ಕು ಪ್ಲಾಸ್ಟಿಕ್ ಸ್ಟೂಲು, ಗಲ್ಲಾ ಡಬ್ಬದ ಮೇಲೆ ಮಾದೇಶ್ವರನ ಫೋಟೊ. ಬೇಸಿಗೆ ನಾಲ್ಕು ತಿಂಗಳು ದುಡಿದದ್ದೇ ದುಡಿಮೆ, ಮಳೆ ಹಿಡಿದರೆ ಸ್ಟೂಲು ಒಳಗೆ. ಬೆಳಗಿನ ಜಾವ ಐದಕ್ಕೆಲ್ಲ ಅಪ್ಪ ಮಗ ಟೆಂಪೊದಲ್ಲಿ ಮದ್ದೂರಿನ ಎಳನೀರು ಮಾರುಕಟ್ಟೆಗೆ. ಎಂಟಕ್ಕೆ ವಾಪಸು ಬಂದು ಕಬ್ಬು ಕೆರೆಯುವುದು, ಶುಂಠಿ ತೊಳೆಯುವುದು, ನಿಂಬೆ ಹೋಳು ಮಾಡುವುದು. ಮಧ್ಯಾಹ್ನ ರಸ್ತೆಯ ಟಾರು ಮೆತ್ತಗಾಗುವ ಹೊತ್ತಿಗೆ ಹುಡುಗ ಕಾಯಿರಾಶಿಯ ಹಿಂದೆ ಗೋಣಿಚೀಲ ಹಾಸಿಕೊಂಡು ಅರ್ಧ ಗಂಟೆ ಕಣ್ಣು ಮುಚ್ಚುತ್ತಾನೆ. ಕಣ್ಣು ಮುಚ್ಚಿದರೂ ಕಿವಿಯಲ್ಲಿ ಕ್ರಿಕೆಟ್ಟು! ರಾತ್ರಿ ಒಂಬತ್ತೂವರೆಗೆ ಟಾರ್ಪಾಲು ಇಳಿಸಿದ ಮೇಲೆ ಅವನ ದಿನ ಶುರು.

ನೂರಡಿ ರಸ್ತೆಯಲ್ಲಿ ಒಂದು ಗಾಡಿಯ ಪಕ್ಕ ನಾಲ್ವರು ಸೇರುತ್ತಾರೆ. ಒಬ್ಬ ಗ್ಯಾರೇಜಿನವನು, ಕೈಯ ಗ್ರೀಸು ಯಾವ ಸೋಪಿಗೂ ಬಗ್ಗಿಲ್ಲ. ಒಬ್ಬ ಮೊಬೈಲ್ ರಿಪೇರಿಯವನು. ಇನ್ನೊಬ್ಬ ಬೆಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯಲು ದಿನಾ ರೈಲಿನಲ್ಲಿ ಹೋಗಿ ಬರುವವನು, ಅವನು ಇಳಿದು ಬರುವವರೆಗೆ ಉಳಿದ ಮೂವರೂ ತಿನ್ನುವುದಿಲ್ಲ. ಪ್ರೈಮರಿ ಶಾಲೆಯ ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಿನ ಸ್ನೇಹ. ಎರಡು ಪ್ಲೇಟು ಗೋಬಿ, ನಾಲ್ಕು ಕಡ್ಡಿ. ಮಾತೆಲ್ಲ ಭಾನುವಾರದ್ದೇ.

ಹೆದ್ದಾರಿ ಕೊಟ್ಟ ರಜೆ

ಈ ಭಾನುವಾರ ಹುಡುಗನಿಗೆ ಹೇಗೆ ಸಿಕ್ಕಿತು ಎಂಬುದೇ ಒಂದು ಕಥೆ. ಮೊದಲು ಭಾನುವಾರವೆಂದರೆ ಅಂಗಡಿಗೆ ಹಬ್ಬ. ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಮೈಸೂರಿಗೆ ಹೋಗುತ್ತಿದ್ದವು, ಸಂಜೆ ಸಾಲುಗಟ್ಟಿ ಬರುತ್ತಿದ್ದವು. ಮಕ್ಕಳಿಗೆ ಬಾಯಾರಿಕೆ, ಅಪ್ಪಂದಿರಿಗೆ ಧಾರಾಳ. ಅಪ್ಪ, ಅವ್ವ, ಮಗ ಮೂವರಿದ್ದರೂ ಕೈ ಸಾಲದು. 2023ರ ಮಾರ್ಚ್ 12ರಂದು ಪ್ರಧಾನಿಯವರು ಜಿಲ್ಲೆಗೆ ಬಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟಿಸಿದರು. ಬೈಪಾಸು ಊರಾಚೆ ಹೋಯಿತು, ಕಾರುಗಳೂ ಅದರ ಹಿಂದೆಯೇ ಹೋದವು. ಚನ್ನಪಟ್ಟಣದ ಬೊಂಬೆಯವರು, ಮದ್ದೂರಿನ ವಡೆಯವರು, ಹಳೇ ರಸ್ತೆ ನಂಬಿದ್ದ ಯಾರನ್ನು ಕೇಳಿದರೂ ಇದೇ ರಾಗ.

ಭಾನುವಾರದ ಗಿರಾಕಿ ಅರ್ಧವಾದ ಮೇಲೆ ಅಪ್ಪನೇ ಒಂದು ದಿನ, ‘ವಾರಕ್ಕೊಂದಿನ ನೀನು ಬ್ಯಾಡ ಕಣ್ಲಾ, ನಾನೂ ನಿಮ್ಮವ್ವ ಸಾಕು’ ಎಂದರಂತೆ. ಹುಡುಗನಿಗೆ ಖುಷಿಯೋ ಖುಷಿ. ಅಪ್ಪ ಅದನ್ನು ಯಾವ ಮುಖ ಮಾಡಿಕೊಂಡು ಹೇಳಿದರು ಎಂದು ಆಗ ಅವನು ನೋಡಲಿಲ್ಲ. ಈಗ ನೆನೆಸಿಕೊಳ್ಳುತ್ತಾನೆ.

ಎರಡು ಬೈಕು, ನಾಲ್ಕು ಜನ. ಒಂದು ಬೈಕು ಗ್ಯಾರೇಜಿನವನದು, ಇನ್ನೊಂದು ಅವನ ಗ್ಯಾರೇಜಿಗೆ ರಿಪೇರಿಗೆ ಬಂದದ್ದು. (ಬೈಕಿನ ಮಾಲೀಕರು ಈ ಸಾಲು ಓದದಿರಲಿ.) ಪೆಟ್ರೋಲು ಲೀಟರಿಗೆ ನೂರು ದಾಟಿದ್ದರಿಂದ ಖರ್ಚು ನಾಲ್ಕು ಪಾಲು, ಲೆಕ್ಕ ನಮ್ಮ ಅಕೌಂಟೆನ್ಸಿ ಪಂಡಿತನದು. 2023ರ ಆಗಸ್ಟ್ 1ರಿಂದ ಬೈಕುಗಳು ಹೆದ್ದಾರಿಯ ನಡುರಸ್ತೆಗೆ ಹೋಗುವಂತಿಲ್ಲವಲ್ಲ, ಹುಡುಗರಿಗೆ ಅದರಿಂದ ನಷ್ಟವೇನೂ ಇಲ್ಲ. ಹಳೇ ರಸ್ತೆ, ಸರ್ವೀಸು ರಸ್ತೆ ಹಿಡಿದು ಇಂಡುವಾಳು, ಯಲಿಯೂರು, ತೂಬಿನಕೆರೆ ಎಂದು ಟೀ ಕುಡಿಯುತ್ತ ಹೋಗುವುದೇ ಮಜಾ.

ಮಾರ್ಚಿಯಲ್ಲಿ ಮೇಲುಕೋಟೆ. ಬೆಟ್ಟ ಹತ್ತಿ ಯೋಗಾನರಸಿಂಹನಿಗೆ ಕೈ ಮುಗಿದು, ಇಳಿದು ಬಂದು ಪುಳಿಯೋಗರೆ. ಯುಗಾದಿಯ ಮಾರನೇ ದಿನ ಹೊಸತೊಡಕು, ಅವತ್ತು ಯಾವ ಟ್ರಿಪ್ಪೂ ಇಲ್ಲ, ಮಂಡ್ಯದ ಮಕ್ಕಳು ಆ ದಿನ ಬಾಡಿನ ಎಸರು ಬಿಟ್ಟು ಎಲ್ಲಿಗೆ ಹೋದಾರು? ಆಮೇಲೆ ಪಾಂಡವಪುರದ ಕುಂತಿಬೆಟ್ಟ. ಸೂರ್ಯ ಹುಟ್ಟುವ ಮೊದಲೇ ಬಂಡೆ ಹತ್ತಿ ಕೂತು, ಕೆಳಗೆ ಕಬ್ಬಿನ ಗದ್ದೆಗಳ ಹಸಿರು ನೋಡಿ, ನೂರು ಫೋಟೊ ತೆಗೆದು, ಹತ್ತಕ್ಕೆಲ್ಲ ಬಿಸಿಲಿಗೆ ಹೆದರಿ ಇಳಿದರು. ಒಂದು ವಾರ ತೊಣ್ಣೂರು ಕೆರೆ. ‘ಬೀರು ಗೀರು ಉಂಟೋ?’ ಎಂದರೆ ನಾಲ್ವರೂ ನಾಲ್ಕು ದಿಕ್ಕು ನೋಡುತ್ತಾರೆ.

ಸಂಗಮದಲ್ಲಿ ಆದದ್ದು

ಏಪ್ರಿಲ್ ನಡುವಿನ ಭಾನುವಾರ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದರು. ಗುಂಬಜ್ ದಾಟಿ, ಗಂಜಾಮಿನಾಚೆ, ಕವಲೊಡೆದ ಕಾವೇರಿ ಮತ್ತೆ ಕೂಡುವ ಜಾಗ. ಒಂದು ಕಡೆ ಸತ್ತವರ ಅಸ್ಥಿ ಬಿಡಲು ಬಂದ ಮನೆಯವರು, ಪುರೋಹಿತರು, ದರ್ಭೆ, ಪಿಂಡ. ಹತ್ತು ಮಾರು ದೂರದಲ್ಲಿ ಟೈರು ಟ್ಯೂಬು ಬಾಡಿಗೆ ತೆಗೆದುಕೊಂಡು ಕೇಕೆ ಹಾಕುವ ಹುಡುಗರು. ಹರಿಗೋಲಿನವರು, ಕತ್ತರಿಸಿದ ಮಾವಿನಕಾಯಿಗೆ ಉಪ್ಪುಖಾರ ಹಚ್ಚುವವರು. ಬೇಸಿಗೆಯ ಭಾನುವಾರ ಅಲ್ಲಿ ಸಂತೆ.

ಹೊಳೆ ನೋಡಿದರೆ ಸಾಧು. ಮೊಳಕಾಲುದ್ದ ನೀರು, ತಳದ ಕಲ್ಲು ಎಣಿಸಬಹುದು. ಆದರೆ ಈ ಹೊಳೆಗೆ ಬೇಸಿಗೆಯಲ್ಲೂ ಒಂದು ಕೆಲಸವಿದೆ ಎಂಬುದು ದಡದಲ್ಲಿ ನಿಂತವರಿಗೆ ತಿಳಿಯದು. ಬೆಂಗಳೂರಿಗೆ ಕುಡಿಯುವ ನೀರು ಎತ್ತುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅದಕ್ಕಾಗಿ ಕನ್ನಂಬಾಡಿಯಿಂದ ಹೊಳೆಗೆ ನೀರು ಬಿಡುತ್ತಲೇ ಇರಬೇಕು. ಒಂದು ದಿನ ಮೊಳಕಾಲುದ್ದ ಇದ್ದದ್ದು ಇನ್ನೊಂದು ದಿನ ಸೊಂಟದುದ್ದ. ಸಾಲದ್ದಕ್ಕೆ ಬಂಡೆಯ ಮೇಲಿನ ಪಾಚಿ, ಬಂಡೆಯ ಸಂದಿನ ಮಡು. ಮೊಳಕಾಲಿನ ನೀರಿಗೂ ಆಳುದ್ದ ನೀರಿಗೂ ನಡುವೆ ಒಂದೇ ಹೆಜ್ಜೆ.

ಆ ಹೆಜ್ಜೆ ಇಟ್ಟವನು ರೈಲಿನ ಹುಡುಗ. ಫೋಟೊಗೆ ‘ಇನ್ನೊಂಚೂರು ಹಿಂದಕ್ಕೆ ಹೋಗ್ಲಾ’ ಎಂದವನು ಗ್ಯಾರೇಜಿನವನು. ಹಿಂದಕ್ಕೆ ಹೋದವನು ಕಾಣಲಿಲ್ಲ. ಮೂವರೂ ಮೊದಲು ನಕ್ಕರು, ಆಟ ಕಟ್ಟುತ್ತಿದ್ದಾನೆ ಎಂದು. ಎರಡು ಸಲ ಕೈ ಮೇಲೆ ಬಂತು, ಆ ಕೈ ಆಟದ ಕೈಯಲ್ಲ ಎಂದು ಗೊತ್ತಾದಾಗ ಎಳನೀರಂಗಡಿಯ ಹುಡುಗ ಜೇಬಿನ ಫೋನು ಸಮೇತ ದುಮುಕಿದ. ಅವನಿಗೂ ಈಜು ಬರದು! ಮುಳುಗುವವನು ಅವನ ಕತ್ತು ತಬ್ಬಿಕೊಂಡ. ಈಗ ಮುಳುಗುವವರು ಇಬ್ಬರು.

ಪತ್ರಿಕೆಯಲ್ಲಿ ಬರುವ ಸುದ್ದಿಗಳು ಹೀಗೆಯೇ ತಾನೇ? ಒಬ್ಬ ಜಾರಿದ, ಹಿಡಿಯಲು ಹೋದ ಇನ್ನೊಬ್ಬನೂ ಹೋದ, ಅವನನ್ನು ಹಿಡಿಯಲು ಮತ್ತೊಬ್ಬ. ಆ ನಾಲ್ಕು ಸಾಲಿನ ಸುದ್ದಿ ಆಗದೆ ಉಳಿದದ್ದು ಒಬ್ಬ ಹರಿಗೋಲಿನವನಿಂದ. ಆತ ನೀರಿಗೆ ಹಾರಲಿಲ್ಲ, ಕೂಗಾಡಲೂ ಇಲ್ಲ. ಹರಿಗೋಲು ತಿರುಗಿಸಿಕೊಂಡು ಬಂದು ಹುಟ್ಟು ಚಾಚಿದ. ಹುಡುಗನ ಕೈಗೆ ಮರ ಸಿಕ್ಕಿತು.

‘ಈಜು ಬತ್ತದೇನ್ರಲಾ?’

‘ಇಲ್ಲಣ್ಣ.’

‘ನಾಲ್ಕು ಜನದಾಗೆ ಒಬ್ಬನಿಗೂ?’

‘ಇಲ್ಲಣ್ಣ.’

‘ಮತ್ಯಾಕ್ ಇಳುದ್ರಿ?’

ಇದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಜೇಬಿನಲ್ಲಿದ್ದ ಒದ್ದೆ ನೋಟು ಕೊಡಲು ಹೋದರೆ ಆತ ತೆಗೆದುಕೊಳ್ಳಲಿಲ್ಲ. ಅಸ್ಥಿ ಬಿಡಲು ಬಂದಿದ್ದ ಮನೆಯ ಅಜ್ಜಿಯೊಬ್ಬರು ಚೀಲದಿಂದ ಹೊಸ ಟವೆಲ್ಲು ತೆಗೆದು, ‘ತಲೆ ಒರೆಸ್ಕಳಿ ಮಕ್ಳೆ’ ಎಂದು ಕೊಟ್ಟರಂತೆ. ಊರಿಗೆ ಹಿಂದಿರುಗುವಾಗ ಎಲ್ಲೂ ಟೀಗೆ ನಿಲ್ಲಿಸಲಿಲ್ಲ.

ನಾಲೆ ಸೀಮೆಯ ಮಕ್ಕಳು

ಸೋಜಿಗವೆಂದರೆ ಇದು ನೀರಿನ ಜಿಲ್ಲೆ. ಒಂದು ಕಾಲಕ್ಕೆ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆ ಗದ್ದೆಗೆ ನೀರು ತಂದಂತೆ ಹುಡುಗರಿಗೆ ಈಜನ್ನೂ ತಂದಿತ್ತು. ಐವತ್ತು ದಾಟಿದ ಯಾವ ರೈತನನ್ನು ಕೇಳಿದರೂ ಸೊಂಟಕ್ಕೆ ಒಣಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ ಬಾವಿಗೆ ನೂಕಿದ ಚಿಕ್ಕಪ್ಪನ ಕಥೆ ಹೇಳುತ್ತಾರೆ. ಬೋರ್‌ವೆಲ್ ಬಂತು, ಬಾವಿ ಕಸದ ಗುಂಡಿಯಾಯಿತು. ಹಳ್ಳಿ ಬಿಟ್ಟು ಪೇಟೆಗೆ ಬಂದವರ ಮಕ್ಕಳಿಗೆ ನೀರೆಂದರೆ ನಲ್ಲಿ. ಫೀಜು ಕಟ್ಟಿ ಈಜುಕೊಳಕ್ಕೆ ಕಳಿಸುವುದು ಎಲ್ಲರ ಕೈಲಿ ಆಗುವ ಮಾತಲ್ಲ.

2018ರ ನವೆಂಬರ್ 24 ನೆನಪಿದೆಯಲ್ಲ? ಕನಗನಮರಡಿ ಬಳಿ ಖಾಸಗಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ಹೋದರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಷ್ ತೀರಿಕೊಂಡ ಸುದ್ದಿ. ಮಂಡ್ಯ ಅಂದು ಒಲೆ ಹಚ್ಚಲಿಲ್ಲ ಎನ್ನುವವರಿದ್ದಾರೆ. ಬಸ್ಸಿನೊಳಗೆ ಸಿಕ್ಕಿಕೊಂಡವರಿಗೆ ಈಜು ಬಂದಿದ್ದರೂ ಏನಾಗುತ್ತಿತ್ತೋ, ಆ ಮಾತು ಬೇರೆ. ಆದರೆ ಇಲ್ಲಿ ಬಸ್ಸು ಹತ್ತಿದರೆ ಕಿಟಕಿಯಾಚೆ ಒಂದಲ್ಲ ಒಂದು ಕಡೆ ನೀರು ಕಂಡೇ ಕಾಣುತ್ತದೆ.

ಅಕ್ಕಿ ಡಬ್ಬದಲ್ಲಿ ಫೋನು

ಸಂಗಮದ ಸಂಗತಿ ಮನೆಯಲ್ಲಿ ಹೇಳಬಾರದೆಂದು ನಾಲ್ವರೂ ಆಣೆ ಮಾಡಿಕೊಂಡಿದ್ದರು. ಆಣೆ ಮುರಿದದ್ದು ಅವ್ವನ ಸೇರು. ನೀರು ಕುಡಿದ ಫೋನನ್ನು ಅಕ್ಕಿಯಲ್ಲಿ ಹುಗಿದಿಡು ಎಂದು ಹೇಳಿಕೊಟ್ಟವನು ಮೊಬೈಲ್ ರಿಪೇರಿಯವನು. ಸೋಮವಾರ ಬೆಳಿಗ್ಗೆ ಅಕ್ಕಿ ಅಳೆಯಲು ಹೋದ ಅವ್ವನ ಸೇರಿಗೆ ಫೋನು ಸಿಕ್ಕಿತು. ‘ಇದೇನ್ಲಾ, ಅಕ್ಕಿ ಡಬ್ಬದಾಗೆ ಫೋನ್ ಮಡಗಿದ್ದೀಯಾ?’ ಮಗನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅಪ್ಪ ಬೈಯಲಿಲ್ಲ. ಅದೇ ಕಷ್ಟವಾಯಿತು ಎನ್ನುತ್ತಾನೆ ಹುಡುಗ. ಮೂರು ದಿನ ಅಂಗಡಿಯಲ್ಲಿ ‘ಕಾಯಿ ಕೊಡು’, ‘ಐಸ್ ತತ್ತಾ’ ಬಿಟ್ಟು ಬೇರೆ ಮಾತಿಲ್ಲ. ಎಳನೀರು ಕೆತ್ತುವ ಮಚ್ಚು ಮಾತ್ರ ಮಾಮೂಲಿಗಿಂತ ಜೋರಾಗಿ ಬೀಳುತ್ತಿತ್ತು. ನಾಲ್ಕನೇ ದಿನ ಮದ್ದೂರಿಗೆ ಹೋಗುವ ಹೊತ್ತಿಗೆ ಟೆಂಪೊ ಬೇರೆ ದಾರಿ ಹಿಡಿಯಿತು. ನಿಂತದ್ದು ಅಪ್ಪನ ಹಳ್ಳಿಯ ಬಾವಿಯ ಬಳಿ. ಸುತ್ತ ಹೊಂಗೆ, ಒಂದು ಪಕ್ಕ ಕಲ್ಲಿನ ಮೆಟ್ಟಿಲು. ಮಳೆ ಕೈಕೊಟ್ಟ 2023ರ ಮಾರನೇ ಬೇಸಿಗೆಯಲ್ಲಿ ಇದೇ ಬಾವಿಯ ತಳದಲ್ಲಿ ಹುಡುಗರು ಗೋಲಿ ಆಡಿದ್ದರಂತೆ. ನಾಲೆಗೆ ಕಟ್ಟು ನೀರು ಬಂದರೆ ಇಲ್ಲಿ ಜಲ ಏರುತ್ತದೆ. ಆವತ್ತು ಏಳೆಂಟು ಮೆಟ್ಟಿಲು ನೀರೊಳಗಿತ್ತು.

ಅಪ್ಪ ಸೀಟಿನ ಹಿಂದಿನಿಂದ ಅಡುಗೆ ಎಣ್ಣೆಯ ಖಾಲಿ ಕ್ಯಾನು ತೆಗೆದರು. ಐದು ಲೀಟರಿನದು, ಮುಚ್ಚಳ ಬಿಗಿಯಾಗಿ ತಿರುಪಿ, ಹಗ್ಗದಲ್ಲಿ ಮಗನ ಬೆನ್ನಿಗೆ ಕಟ್ಟಿದರು. ತಾವು ಮೊದಲು ಇಳಿದರು. ಇಪ್ಪತ್ತು ವರ್ಷದಿಂದ ಅಂಗಡಿ ಬಿಟ್ಟು ಕದಲದ ಮನುಷ್ಯ ನೀರಿಗೆ ಬಿದ್ದವರೇ ಆ ದಡ ಮುಟ್ಟಿ ಬಂದದ್ದನ್ನು ಮಗ ಬಾಯಿ ಬಿಟ್ಟು ನೋಡಿದ. ಅಪ್ಪನಿಗೆ ಈಜು ಬರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ!

‘ನಿಂಗೆ ಕಲಿಸಾಕೆ ಯಾವತ್ತು ಪುರುಸೊತ್ತಿತ್ತು?’ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ.

ದಿನಾ ಮುಕ್ಕಾಲು ಗಂಟೆ. ಮದ್ದೂರಿಗೆ ತಡವಾಗಿ ಹೋಗಿ ಒಳ್ಳೆ ಕಾಯಿ ಬೇರೆಯವರ ಪಾಲಾಗುವುದೂ ಉಂಟು. ಮೂರು ವಾರಕ್ಕೆ ಕ್ಯಾನು ಬಿಚ್ಚಿದರು. ಸುದ್ದಿ ತಿಳಿದು ಉಳಿದ ಮೂವರೂ ಬೆನ್ನಿಗೆ ಬಿದ್ದರು. ರೈಲಿನ ಹುಡುಗನಿಗೆ ಭಾನುವಾರವೊಂದೇ ಬಿಡುವು, ಹೀಗಾಗಿ ಮೇ ತಿಂಗಳಲ್ಲಿ ಎರಡೂ ಬೈಕು ಬಾವಿಗೇ ಬಂದವು. ಗ್ಯಾರೇಜಿನವನು ಮೊದಲ ದಿನವೇ ಕೈಕಾಲು ಹೊಡೆದ. ಮೊಬೈಲ್ ರಿಪೇರಿಯವನು ಕೊನೆಯ ಮೆಟ್ಟಿಲು ಬಿಡಲೊಲ್ಲ. ರೈಲಿನ ಹುಡುಗನಿಗೆ ಮುಖಕ್ಕೆ ನೀರು ತಾಗಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಹಿಡಿದು ಅಪ್ಪ, ‘ಎದ್ರುಕೋಬ್ಯಾಡ ಮಗ, ನಾನವ್ನಿ. ಕಾಲ್ ಹೊಡಿ, ಕಾಲ್ ಹೊಡಿ’ ಎಂದು ಕೂಗುವುದು ಆಚೆ ಗದ್ದೆಯವರಿಗೂ ಕೇಳುತ್ತದೆ.

ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಅವ್ವ ಒಬ್ಬರೇ. ಮಿಷನ್ನಿಗೆ ಕಬ್ಬು ಕೊಡುತ್ತ, ಬಸ್ಸಿಗೆ ಕಾದವರಿಗೆ ಚಿಲ್ಲರೆ ಎಣಿಸುತ್ತ ಇರುತ್ತಾರೆ. ಅವರ ತಕರಾರು ಒಂದೇ. ಬೀದಿಯವರ ಮನೆಯಲ್ಲಿದ್ದ ಖಾಲಿ ಎಣ್ಣೆ ಕ್ಯಾನೆಲ್ಲ ಬಾವಿಗೆ ಹೋಗಿವೆ, ನಿಂಬೆರಸ ಹಿಂಡಿಡಲು ಒಂದೂ ಇಲ್ಲ.