ಕಣ್ಣ ಕೆಳಗಿನ ಸಿಬಾಯ್

ಶಾಂಘೈ ಟೀಮ್ ಜೊತೆ ಕಾಲ್ ಇತ್ತು. ಬಿಲ್ಡ್ ಮುಗಿಯಲಿ ಅಂತ ಎಲ್ಲರೂ ಸುಮ್ಮನೆ ಕೂತಿದ್ದೆವು. ನಾನು ಎಂದಿನಂತೆ ಕಣ್ಣುಜ್ಜುತ್ತಿದ್ದೆ. ಆ ಕಡೆಯ ಸಹೋದ್ಯೋಗಿ ನಕ್ಕು, "ಉಜ್ಜಬೇಡಿ, ಇಲ್ಲಿ ಒತ್ತಿ" ಅಂತ ತಮ್ಮ ಕೆನ್ನೆ ತೋರಿಸಿದರು.

ಆ ಜಾಗದ ಹೆಸರು ಸಿಬಾಯ್. ಅಕ್ಷರಶಃ ‘ನಾಲ್ಕು ಬಿಳಿ’. ನಾಲ್ಕೂ ದಿಕ್ಕು ಬೆಳ್ಳಗೆ ಕಾಣಲಿ ಅನ್ನೋ ಅರ್ಥ. ನೇರ ನೋಡುತ್ತಾ ಕಣ್ಣಿನ ಪಾಪೆಯಿಂದ ಕೆಳಗೆ ಬೆರಳು ಇಳಿಸಿ. ಮೂಳೆಯ ಅಂಚು ದಾಟಿದರೆ ಸಣ್ಣ ತಗ್ಗು ಸಿಗುತ್ತೆ, ಅದೇ. ಅಲ್ಲಿ ಮೂಳೆಯಲ್ಲಿ ನಿಜವಾಗಿಯೂ ಒಂದು ರಂಧ್ರವಿದೆ. ಕೆನ್ನೆ, ಮೇಲ್ತುಟಿಯ ಸ್ಪರ್ಶಜ್ಞಾನದ ನರ ಅಲ್ಲಿಂದಲೇ ಹೊರಬರೋದು. ಚೀನೀ ವೈದ್ಯದ ಲೆಕ್ಕದಲ್ಲಿ ಮಾತ್ರ ಇದು ಹೊಟ್ಟೆಯ ಮೆರಿಡಿಯನ್‌ನ 2ನೇ ಬಿಂದು. ಆ ದಾರಿ ಕಣ್ಣ ಕೆಳಗೆ ಶುರುವಾಗಿ ಕಾಲಿನ ಎರಡನೇ ಬೆರಳಲ್ಲಿ ಮುಗಿಯುತ್ತೆ! ಕಣ್ಣುರಿ, ರೆಪ್ಪೆ ಅದುರುವುದು, ಮುಖದ ಪಾರ್ಶ್ವವಾಯು, ತಲೆನೋವಿಗೆ ಇಲ್ಲಿ ಸೂಜಿ ಹಾಕುತ್ತಾರೆ. ಕಣ್ಣು ಪಕ್ಕದಲ್ಲೇ ಇರುವುದರಿಂದ ಅದು ಕಲಿತವರ ಕೆಲಸ. ನಮಗೆ ಬೆರಳು ಸಾಕು.

ಚೀನಾದ ಶಾಲೆಗಳಲ್ಲಿ 1960ರ ದಶಕದಿಂದ ಮಕ್ಕಳಿಗೆ ಕಣ್ಣಿನ ವ್ಯಾಯಾಮವಿದೆ. ಸ್ಪೀಕರ್‌ನಲ್ಲಿ ಸಂಗೀತ, ಒಂದರಿಂದ ಎಂಟರವರೆಗೆ ಎಣಿಕೆ, ಇಡೀ ಕ್ಲಾಸು ಕಣ್ಮುಚ್ಚಿ ಸಿಬಾಯ್ ಒತ್ತುತ್ತದೆ. ನಮಗೆ ಪಿ.ಟಿ. ಇದ್ದ ಹಾಗೆ. ಉದ್ದೇಶ, ಸಮೀಪದೃಷ್ಟಿ ಬರದಂತೆ ತಡೆಯೋದು. ಅದೇನೂ ನಿಂತಿಲ್ಲ, ಅಲ್ಲಿನ ಯುವಜನರಲ್ಲಿ ಕನ್ನಡಕ ವಿಪರೀತ. ಅಷ್ಟು ವರ್ಷ ಒತ್ತಿದ ನನ್ನ ಸಹೋದ್ಯೋಗಿಗೇ ಮೈನಸ್ 6!

ಆದರೂ ನಾನು ಶುರು ಮಾಡಿದೆ. ಗಂಟೆಗೊಮ್ಮೆ ಲ್ಯಾಪ್‌ಟಾಪ್ ಬಿಟ್ಟು ಒಂದು ನಿಮಿಷ ಕಣ್ಮುಚ್ಚಿ ಒತ್ತೋದು. ಹಾಯ್ ಅನ್ನಿಸ್ತಿತ್ತು. ಒತ್ತಿದ್ದಕ್ಕೋ, ಕಣ್ಮುಚ್ಚಿದ್ದಕ್ಕೋ, ದೇವರಿಗೇ ಗೊತ್ತು. ತೊಂದರೆ ಆಗಿದ್ದು ಇಲ್ಲೇ. ಅಪ್ಪನಿಗೆ ಗ್ಲಾಕೋಮಾ ಇದೆ. "ಒಂದ್ಸಲ ನೀನೂ ತೋರಿಸ್ಕೊಳೋ" ಅಂತ ಅಮ್ಮ ಹೇಳ್ತಾನೇ ಇದ್ದರು. ಕಣ್ಣು ಈಗ ಆರಾಮಾಗಿದೆಯಲ್ಲ ಅಂತ 8 ತಿಂಗಳು ತಳ್ಳಿದೆ.

ಕೊನೆಗೆ ಹೋದಾಗ, ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಾದ ಕಣ್ಣಿನ ಒತ್ತಡ ನನಗೆ 27. ಉರಿ ಬರೀ ಸ್ಕ್ರೀನ್‌ನಿಂದ ಬಂದ ಒಣಗಣ್ಣಂತೆ. ಒತ್ತಡ ಹೀಗೆ ನಿಧಾನವಾಗಿ ಏರಿದರೆ ನೋವೇ ಇರಲ್ಲ, ಅದಕ್ಕೇ ಗೊತ್ತಾಗಲ್ಲ ಅಂದರು ಡಾಕ್ಟರ್. ಪುಣ್ಯಕ್ಕೆ ನರಕ್ಕೆ ಇನ್ನೂ ಏಟು ಬಿದ್ದಿಲ್ಲ.

ಈಗ ರಾತ್ರಿ 10ಕ್ಕೆ ಡ್ರಾಪ್ಸ್. ಹಗಲು ಸಿಬಾಯ್ ಒತ್ತೋದೂ ಇದೆ, ಬಿಟ್ಟಿಲ್ಲ. ತಮ್ಮನಿಗೂ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಬರಲ್ಲ ಅಂತಿದ್ದಾನೆ, ಎಳ್ಕೊಂಡು ಹೋಗ್ಬೇಕು.