‘ಲೆಕ್ಕ ತಲೆಗೆ ಹೋಗಲ್ಲ’ ಎನ್ನುವ ಮೊದಲು

ಪರೀಕ್ಷೆಯ ಫಲಿತಾಂಶ ಬಂದಾಗ ನಮ್ಮ ಮನೆಗಳಲ್ಲಿ ಕೇಳುವ ಮಾತೊಂದುಂಟು: ‘ಇವಳಿಗೆ ಲೆಕ್ಕ ತಲೆಗೆ ಹೋಗಲ್ಲ ಉಸ್ತಾದರೇ, ಇನ್ನು ಸಾಕು.’ ಹಾಗೆ ತೀರ್ಪು ಕೊಡುವ ಮೊದಲು ಮರ್ಯಮ್ ಮಿರ್ಝಾಖಾನಿಯ ಬದುಕನ್ನೊಮ್ಮೆ ನೋಡೋಣ.

1977ರಲ್ಲಿ ಇರಾನಿನ ಟೆಹ್ರಾನ್‌ನಲ್ಲಿ ಹುಟ್ಟಿದ ಮರ್ಯಮ್‌ಗೆ ಚಿಕ್ಕಂದಿನಲ್ಲಿ ಕಥೆ ಪುಸ್ತಕದ ಹುಚ್ಚು, ಲೇಖಕಿಯಾಗುವ ಆಸೆ. ಮಾಧ್ಯಮಿಕ ಶಾಲೆಗೆ ಹೋದ ವರ್ಷ ಗಣಿತದಲ್ಲಿ ಹಿಂದೆ ಬಿದ್ದರು. ಈಕೆಗೆ ಅಂಥ ಪ್ರತಿಭೆ ಇಲ್ಲವೆಂದು ಟೀಚರಿಗೆ ಅನಿಸಿತು; ಹುಡುಗಿಯ ಧೈರ್ಯ ಕುಸಿಯಿತು. ಮರುವರ್ಷ ಬೇರೆ ಟೀಚರ್ ಬಂದು ಹುರಿದುಂಬಿಸಿದರು. ಅಲ್ಲಿಂದ ದಾರಿ ಬದಲಾಯಿತು.

ಹೈಸ್ಕೂಲಿನಲ್ಲಿ ಗೆಳತಿಯ ಜೊತೆ ಸೇರಿ, ಹುಡುಗರ ಶಾಲೆಯಲ್ಲಿರುವಂಥ ವಿಶೇಷ ಗಣಿತ ತರಗತಿ ತಮಗೂ ಬೇಕೆಂದು ಪ್ರಾಂಶುಪಾಲೆಯನ್ನು ಕೇಳಿದರು. ಇರಾನಿನ ಒಲಿಂಪಿಯಾಡ್ ತಂಡದಲ್ಲಿ ಅಲ್ಲಿತನಕ ಹುಡುಗಿಯರೇ ಇರಲಿಲ್ಲ. ಆದರೂ ಆ ತಾಯಿ ವ್ಯವಸ್ಥೆ ಮಾಡಿಕೊಟ್ಟರು. 1994ರಲ್ಲಿ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚಿನ್ನ. 1995ರಲ್ಲಿ 42ಕ್ಕೆ 42 ಅಂಕ, ಮತ್ತೆ ಚಿನ್ನ!

ಟೆಹ್ರಾನಿನ ಶರೀಫ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಅಮೆರಿಕದ ಹಾರ್ವರ್ಡ್ ಸೇರಿದರು. ಅಲ್ಲಿ ಪ್ರಶ್ನೆ ಕೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ, ನೋಟ್ಸ್ ಬರೆಯುತ್ತಿದ್ದದ್ದು ತಾಯ್ನುಡಿ ಫಾರ್ಸಿಯಲ್ಲಿ. ಮನೆಯಲ್ಲಿ ಬ್ಯಾರಿ ಮಾತಾಡುವ ಮಕ್ಕಳು ಇಂಗ್ಲಿಷಿಗೆ ಹೆದರಬೇಕಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಅವರ ವಿಷಯ ರೇಖಾಗಣಿತ. ಉದ್ದಿನ ವಡೆಗೆ ಒಂದರ ಬದಲು ಎರಡು ಮೂರು ತೂತು ಇದ್ದರೆ ಹೇಗೋ, ಅಂಥ ಬಾಗಿದ ಮೇಲ್ಮೈಗಳು. ಅದರ ಮೇಲೆ ಎಲ್ಲೂ ತನ್ನನ್ನೇ ದಾಟದೆ, ಹೊರಟ ಜಾಗಕ್ಕೇ ಮರಳುವ ನೇರ ದಾರಿಗಳು ಎಷ್ಟು? ಈ ಲೆಕ್ಕಕ್ಕೆ ಅವರು 2004ರ ಪಿಎಚ್‌ಡಿ ಪ್ರಬಂಧದಲ್ಲಿ ಉತ್ತರ ಕೊಟ್ಟರು. ಪ್ರಿನ್ಸ್‌ಟನ್, ಬಳಿಕ ಸ್ಟ್ಯಾನ್‌ಫೋರ್ಡ್‌ನಲ್ಲಿ ಪ್ರಾಧ್ಯಾಪಕಿಯಾದರು. ನೆಲದ ಮೇಲೆ ದೊಡ್ಡ ಹಾಳೆ ಹರಡಿ ಗೀಚುತ್ತಿದ್ದರೆ, ಉಮ್ಮ ಚಿತ್ರ ಬಿಡಿಸುತ್ತಿದ್ದಾಳೆ ಅಂತ ಪುಟ್ಟ ಮಗಳು ತಿಳಿಯುತ್ತಿದ್ದಳಂತೆ.

2014ರಲ್ಲಿ ಗಣಿತದ ಅತ್ಯುನ್ನತ ಗೌರವವಾದ ಫೀಲ್ಡ್ಸ್ ಪದಕ ಬಂತು. 1936ರಿಂದ ಕೊಡುತ್ತಿರುವ ಆ ಪದಕ ಪಡೆದ ಮೊದಲ ಮಹಿಳೆ ಅವರು. 2017ರ ಜುಲೈ 14ರಂದು, 40ರ ವಯಸ್ಸಿನಲ್ಲೇ, ಸ್ತನ ಕ್ಯಾನ್ಸರ್ ಅವರನ್ನು ಕೊಂಡೊಯ್ಯಿತು.

ಮದ್ರಸದಲ್ಲಿ ಪಾಠ ಹೇಳುವ ನಾವೂ ತಪ್ಪಿನಿಂದ ಹೊರತಲ್ಲ. ತಡವರಿಸಿದ ಮಗುವಿಗೆ ‘ನಿನ್ನಿಂದ ಆಗದು’ ಅಂದದ್ದುಂಟು. ಕಿಬ್ಲಾದ ದಿಕ್ಕು ಹಿಡಿಯಲೂ, ಆಸ್ತಿಯ ಪಾಲು ಹಂಚಲೂ ಗಣಿತ ಬೇಕೆಂದು ಕಲಿಸುವ ನಾವೇ!

ಹಾಗಾಗಿ ಉಪ್ಪ ಉಮ್ಮಂದಿರಲ್ಲಿ ಒಂದು ವಿನಂತಿ. ಮಗಳ ಅಂಕ ಕಡಿಮೆಯಾದರೆ ಪುಸ್ತಕ ಮುಚ್ಚಿಸಬೇಡಿ. ಅವಳಿಗೆ ಇನ್ನೊಂದು ವರ್ಷ ಕೊಡಿ. ಮರ್ಯಮ್‌ಗೆ ಸಿಕ್ಕಿದ್ದೂ ಅಷ್ಟೇ.