ತಪ್ಪಿದ ಕಂತು ಮತ್ತು ಮನೆಯ ಸಾಲ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಜಿನಸೇನ ಭಟ್ಟಾರಕರ ಮಠದಿಂದ ಪ್ರಸಿದ್ಧವಾದ ನಾಂದಣಿಯಂತಹ ಗ್ರಾಮದಲ್ಲಿ, ಮನೆಯೊಳಗೆ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುತ್ತ ಬಾಳುವ ಒಕ್ಕಲು ಕುಟುಂಬವೊಂದು, ಹಳೆಯ ಮನೆಯನ್ನು ತೆಗೆದು ಹೊಸದನ್ನು ಕಟ್ಟಬೇಕೆಂಬ ಸಂಕಲ್ಪದಿಂದ ಬ್ಯಾಂಕಿಗೆ ಹೋದಾಗ, ಎಂದೋ ತಪ್ಪಿದ ಟ್ರ್ಯಾಕ್ಟರಿನ ನಾಲ್ಕು ಕಂತುಗಳು ಎದುರಿಗೆ ಬಂದು ನಿಲ್ಲುವುದುಂಟು. ಅಂತಹ ಕುಟುಂಬವು ಅಪಮಾನದಿಂದ ಹಿಂದಿರುಗಬೇಕಾದ ಕಾರಣವಿಲ್ಲವೆಂಬುದನ್ನೂ, ಹಿಂದಿನ ಬಾಕಿಯ ಸ್ವರೂಪವನ್ನು ತಿಳಿದು ಅದಕ್ಕೆ ತಕ್ಕ ಸಿದ್ಧತೆಯನ್ನು ಮಾಡಿಕೊಂಡರೆ ಸಾಲವು ದೊರೆಯುವ ಸಂಭವವು ಹೆಚ್ಚುವುದೆಂಬುದನ್ನೂ ಈ ಅಧ್ಯಾಯದಲ್ಲಿ ವಿವರಿಸಲಾಗುವುದು.

ಮೊದಲಿಗೆ, ಈ ಸೀಮೆಯಲ್ಲಿ ಕಂತು ತಪ್ಪುವುದೇಕೆಂಬುದನ್ನು ವಿಚಾರಿಸಬೇಕು. ಹನ್ನೆರಡರಿಂದ ಹದಿನೆಂಟು ತಿಂಗಳು ಹೊಲದಲ್ಲಿ ನಿಲ್ಲುವ ಕಬ್ಬು ಕಾರ್ಖಾನೆಯನ್ನು ಸೇರುವುದು ದೀಪಾವಳಿಯ ಆಚೀಚೆ ಆರಂಭವಾಗುವ ಹಂಗಾಮಿನಲ್ಲಿ. ಕಬ್ಬು ಕೊಟ್ಟ 14 ದಿನಗಳೊಳಗೆ ಬಿಲ್ಲು ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿದ್ದರೂ, ಕೈಗೆ ಬರುವ ಹಣವು ವರ್ಷದಲ್ಲಿ ಒಂದೆರಡು ಸಲ ಮಾತ್ರ ಬರುವಂಥದು. ಅದರಲ್ಲಿಯೂ ಊರಿನ ಸಹಕಾರಿ ಸೊಸಾಯಟಿಯ ಬೆಳೆಸಾಲವು ಮೊದಲು ಕಡಿತವಾಗಿ ಉಳಿದುದಷ್ಟೇ ಒಕ್ಕಲಿಗನದು. ಕಂತಾದರೋ ತಿಂಗಳು ತಿಂಗಳೂ ಬರುತ್ತದೆ. ಇದರ ಮೇಲೆ 2005, 2019 ಮತ್ತು 2021ರ ಮಹಾಪೂರಗಳಲ್ಲಿ ಕೃಷ್ಣಾ ಪಂಚಗಂಗೆಯರು ಶಿರೋಳ ತಾಲೂಕಿನ ಹೊಲಗಳನ್ನು ಮುಳುಗಿಸಿದುದನ್ನು ನೆನೆದರೆ, ಇಲ್ಲಿಯ ಅನೇಕ ಬಾಕಿಗಳು ಸಾಲಗಾರನ ಅಪ್ರಾಮಾಣಿಕತೆಯಿಂದಲ್ಲ, ಆದಾಯದ ಕಾಲಕ್ಕೂ ಕಂತಿನ ಕಾಲಕ್ಕೂ ಹೊಂದಿಕೆಯಿಲ್ಲದುದರಿಂದ ಹುಟ್ಟಿದವೆಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಬ್ಯಾಂಕಿನ ಅಧಿಕಾರಿಯು ಆ ನಂಬಿಕೆಯನ್ನು ತಾನಾಗಿ ತಾಳುವುದಿಲ್ಲ. ಅವನ ಮುಂದಿರುವುದು ಅಂಕಿಗಳು ಮಾತ್ರ.

ಆ ಅಂಕಿಗಳು ಬರುವುದು 2005ರ ಸಾಲಮಾಹಿತಿ ಸಂಸ್ಥೆಗಳ ಕಾಯಿದೆಯ ಅನುಸಾರ ಕೆಲಸ ಮಾಡುವ ನಾಲ್ಕು ಸಂಸ್ಥೆಗಳಿಂದ. ಜನರೆಲ್ಲ ಒಟ್ಟಿಗೆ ‘ಸಿಬಿಲ್’ ಎಂದು ಕರೆಯುವ ಇವುಗಳ ವರದಿಯಲ್ಲಿ 300ರಿಂದ 900ರವರೆಗಿನ ಒಂದು ಗುಣಾಂಕವಿರುತ್ತದೆ; ಪ್ರತಿಯೊಂದು ಸಾಲದ ಕೆಳಗೆ, ಕಳೆದ 36 ತಿಂಗಳುಗಳಲ್ಲಿ ಯಾವ ತಿಂಗಳು ಎಷ್ಟು ದಿನ ಬಾಕಿಯುಳಿಯಿತೆಂಬ ಲೆಕ್ಕವಿರುತ್ತದೆ. ಹತ್ತು ದಿನದ ವಿಳಂಬವೂ, 90 ದಿನಗಳನ್ನು ಮೀರಿ ಖಾತೆಯೇ ಅನುತ್ಪಾದಕವೆನಿಸಿದ ವಿಳಂಬವೂ ಸಮಾನವಲ್ಲ. ಮೂರು ವರ್ಷದ ಹಿಂದಿನದೂ ಮೊನ್ನೆಯದೂ ಸಮಾನವಲ್ಲ. ಇಷ್ಟೇ ಗುಣಾಂಕವಿರಬೇಕೆಂಬ ಕನಿಷ್ಠ ಮಿತಿಯನ್ನು ರಿಸರ್ವ್ ಬ್ಯಾಂಕು ಹಾಕಿಲ್ಲವಾದ ಕಾರಣ ನಿರ್ಣಯವು ಆಯಾ ಬ್ಯಾಂಕಿನ ವಿವೇಚನೆಗೆ ಸೇರಿದ್ದು. ವಿವೇಚನೆ ಇರುವಲ್ಲಿ ವಿವರಣೆಗೂ ಎಡೆಯುಂಟು.

ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಶುಲ್ಕವಿಲ್ಲದೆ ಪಡೆಯುವ ಹಕ್ಕು 2017ರಿಂದ ನಮಗಿದೆ. ಅರ್ಜಿ ಹಾಕುವುದಕ್ಕೆ ಆರು ತಿಂಗಳಾದರೂ ಮುಂಚೆ ಅದನ್ನು ತರಿಸಿ, ಹೆಸರು, ಖಾತೆ, ತಾರೀಖುಗಳನ್ನು ಒಂದೊಂದಾಗಿ ಓದಬೇಕು. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಿಂದ ಆಗಸ್ಟಿನವರೆಗೆ, ಕಂತು ಮುಂದೂಡುವ ಸವಲತ್ತನ್ನು ಪಡೆದವರಿಗೆ ಆ ತಿಂಗಳುಗಳು ಬಾಕಿಯೆಂದು ದಾಖಲಾಗಿದ್ದರೆ ಅದು ತಪ್ಪು ದಾಖಲೆ. ದೂರು ಕೊಟ್ಟ 30 ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ, ಆ ಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರಧನ ಕೊಡಬೇಕೆಂಬ ನಿಯಮವು 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಸುಳ್ಳನ್ನು ತಿದ್ದಿಸಬಹುದು, ನಿಜವಾಗಿ ತಪ್ಪಿದ ಕಂತನ್ನು ಅಳಿಸಲು ಯಾರಿಂದಲೂ ಆಗದು. ಹಣ ಕೊಟ್ಟರೆ ಸಿಬಿಲ್ ಶುದ್ಧ ಮಾಡಿಸಿಕೊಡುತ್ತೇವೆಂದು ಪೇಟೆಯಲ್ಲಿ ಸಿಗುವ ಮಧ್ಯಸ್ಥರ ಮಾತಿಗೆ ಬಡವರು ದುಡ್ಡು ಕಳೆದುಕೊಳ್ಳುವುದು ನನಗೆ ಅತ್ಯಂತ ದುಃಖದ ಸಂಗತಿ.

ಇಲ್ಲಿ ಒಂದು ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹಳೆಯ ಸಾಲವನ್ನು ಪೂರ್ಣವಾಗಿ ತೀರಿಸಿದರೆ ವರದಿಯಲ್ಲಿ ‘ಕ್ಲೋಸ್ಡ್’ ಎಂದೂ, ಒಂದು ಭಾಗವನ್ನು ಕೊಟ್ಟು ರಾಜಿಯಾದರೆ ‘ಸೆಟಲ್ಡ್’ ಎಂದೂ ನಮೂದಾಗುತ್ತದೆ. ರಾಜಿಯಿಂದ ಆ ದಿನಕ್ಕೆ ಹಣ ಉಳಿದರೂ, ಮನೆಯ ಸಾಲವನ್ನು ವಿಚಾರಿಸುವ ಅಧಿಕಾರಿಯು ಆ ಒಂದು ಮಾತಿನಲ್ಲಿ, ಹಿಂದಿನ ಬ್ಯಾಂಕು ನಷ್ಟವನ್ನು ಹೊತ್ತಿತೆಂಬ ಅರ್ಥವನ್ನೇ ಕಾಣುವನು. ಆದುದರಿಂದ ಮನೆ ಕಟ್ಟುವ ಉದ್ದೇಶವಿದ್ದವರು ಸಾಧ್ಯವಿದ್ದಷ್ಟೂ ಪೂರ್ತಿ ತೀರಿಸುವುದೇ ಲೇಸು. ರಾಜಿ ಆಗಿಹೋಗಿದ್ದರೆ, ಉಳಿದ ಮೊತ್ತವನ್ನು ಕಟ್ಟಿ ದಾಖಲೆಯನ್ನು ಬದಲಿಸಿಕೊಡುವಿರಾ ಎಂದು ಲಿಖಿತವಾಗಿ ಕೇಳತಕ್ಕದ್ದು. 2019ರ ಮಹಾತ್ಮಾ ಜೋತಿರಾವ್ ಫುಲೆ ಕರ್ಜಮುಕ್ತಿ ಯೋಜನೆಯಲ್ಲಿ ಎರಡು ಲಕ್ಷದವರೆಗಿನ ಬೆಳೆಸಾಲ ಮನ್ನಾ ಆದವರೂ, ಖಾತೆ ಮುಗಿಯಿತೆಂಬ ಪತ್ರವನ್ನು ತಮ್ಮ ಸೊಸಾಯಟಿಯಿಂದ ಪಡೆದಿರಬೇಕು.

ಸಾಲ ತೀರಿದರೂ ಭೂಮಿಯ ಮೇಲಿನ ಬೋಜಾ, ಎಂದರೆ ಋಣಭಾರದ ನಮೂದು, ತೀರದೆ ಉಳಿಯುವುದು ಮತ್ತೊಂದು ತೊಡಕು. ಸಾತ್‌ಬಾರಾ ಉತಾರೆ ಎಂಬ ಭೂದಾಖಲೆಯ ಇತರ ಹಕ್ಕುಗಳ ಅಂಕಣದಲ್ಲಿ ಸೊಸಾಯಟಿಯ ಹೆಸರು ಹತ್ತು ವರ್ಷದಿಂದ ಹಾಗೆಯೇ ಕುಳಿತಿರುವುದು ಸಾಮಾನ್ಯ. ಬಾಕಿಯಿಲ್ಲವೆಂಬ ದಾಖಲೆಯನ್ನು ಗ್ರಾಮದ ಕಂದಾಯ ಅಧಿಕಾರಿಯಾದ ತಲಾಠಿಗೆ ಕೊಟ್ಟು ಫೇರಫಾರ, ಎಂದರೆ ದಾಖಲೆಯ ಬದಲಾವಣೆ, ಮಾಡಿಸಿದ ಹೊರತು ಅದು ತಾನಾಗಿ ಹೋಗದು. ಹಾಗೆಯೇ, ಭಾವನಿಗೋ ನೆರೆಯವನಿಗೋ ನಿಂತ ಜಾಮೀನನ್ನು ಮರೆಯಬಾರದು: 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದರಿಂದ, ಅವನ ಬಾಕಿ ನಮ್ಮ ವರದಿಯಲ್ಲಿಯೂ ಕಾಣಿಸಿಕೊಳ್ಳುವುದು. ಊರಿನಲ್ಲಿ ಸಹಿ ಬೇಡವೆನ್ನುವುದು ಕಷ್ಟವೆಂಬುದನ್ನು ಬಲ್ಲೆನಾದರೂ, ಮನೆಯ ಅರ್ಜಿಗೆ ಮುನ್ನ ಆ ಬಾಕಿಯನ್ನು ತೀರಿಸುವಂತೆ ಒತ್ತಾಯಿಸುವುದರಲ್ಲಿ ಸಂಕೋಚ ಸಲ್ಲದು.

ಇನ್ನು ಅರ್ಜಿಯ ವಿಷಯ. 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಬೆಲೆಯ ಶೇಕಡಾ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ಅನುಮತಿಯಿದ್ದರೂ, ಕಂತು ತಪ್ಪಿದ ಇತಿಹಾಸವುಳ್ಳವನು ಗರಿಷ್ಠವನ್ನೇ ಕೇಳುವುದು ವಿವೇಕವಲ್ಲ. ಇಪ್ಪತ್ತು ಲಕ್ಷದ ಮನೆಗೆ ಎಂಟು ಲಕ್ಷವನ್ನು ತಾನೇ ಹೂಡಿ ಹನ್ನೆರಡನ್ನು ಕೇಳಿದರೆ ಬ್ಯಾಂಕಿನ ಭಯವೂ ಕಂತಿನ ಭಾರವೂ ಒಟ್ಟಿಗೆ ಇಳಿಯುವುವು. ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಸಂಬಳ ಪಡೆಯುವ ಮಗನೋ, ಶಿಕ್ಷಕಿಯಾದ ಸೊಸೆಯೋ ಸಹಸಾಲಗಾರರಾದರೆ ಮಾಸಿಕ ಆದಾಯದ ಆಧಾರ ದೊರೆಯುತ್ತದೆ. ಮೂರು ವರ್ಷದ ಕಬ್ಬಿನ ಬಿಲ್ಲುಗಳು, ಅವು ಜಮೆಯಾದ ಪಾಸ್‌ಬುಕ್ಕು, ಮಹಾಪೂರದ ಪಂಚನಾಮೆಯ ಪ್ರತಿ, ಆಸ್ಪತ್ರೆಯ ಕಾಗದ ಇವುಗಳೊಡನೆ, ಯಾವ ತಿಂಗಳು ಏಕೆ ತಪ್ಪಿತು, ಎಂದು ತೀರಿಸಲಾಯಿತು ಎಂಬ ಒಂದು ಪುಟದ ಮನವಿಯನ್ನು ಮರಾಠಿಯಲ್ಲಿ ಬರೆಸಿ ಲಗತ್ತಿಸಬೇಕು. ಸಂಬಳವಿಲ್ಲದ ಮನೆಯವರು, ಕಂತನ್ನು ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಹಂಗಾಮಿಗೆ ಹೊಂದಿಸಿಕೊಡುವ ಬ್ಯಾಂಕು ಯಾವುದೆಂದು ಮೊದಲೇ ವಿಚಾರಿಸುವುದು ಅತ್ಯವಶ್ಯ. ಇಲ್ಲವಾದರೆ ಹಳೆಯ ತೊಂದರೆಯೇ ಹೊಸ ಮನೆಯ ಮೇಲೆ ಮರುಕಳಿಸುವುದು.

ಒಂದು ಬ್ಯಾಂಕು ನಿರಾಕರಿಸಿದರೆ ಅದೇ ವಾರ ಐದಾರು ಕಡೆ ಅರ್ಜಿ ಎಸೆಯಬಾರದು, ಏಕೆಂದರೆ ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗಿ ಗುಣಾಂಕವನ್ನು ಇಳಿಸಬಲ್ಲದು. ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ಚಾಲ್ತಿಯಲ್ಲಿರುವ ಸಣ್ಣ ಸಾಲಗಳನ್ನು ಒಂದು ದಿನವೂ ತಪ್ಪದಂತೆ ಕಟ್ಟುತ್ತ, ಮುಂದಿನ ಹಂಗಾಮಿನ ಬಿಲ್ಲು ಖಾತೆಗೆ ಜಮೆಯಾದ ಮೇಲೆ, ಆ ಪಾಸ್‌ಬುಕ್ಕನ್ನೂ ತಿದ್ದಿದ ವರದಿಯನ್ನೂ ಹಿಡಿದು ಮತ್ತೆ ಹೋಗಬೇಕು.